ಕೋವಿಗೆ ಒಡವೆ

ಕೋವಿ ಇರುವ ಮನೆಯಲ್ಲಿ ಕೋವಿಗಿಂತ ಹೆಚ್ಚು ದುಡಿಯುವುದು ಅದನ್ನು ನೇತುಹಾಕಿದ ಗೂಟ. ತರೀಕೆರೆಗೂ ಅಜ್ಜಂಪುರಕ್ಕೂ ನಡುವೆ ಇರುವ ನಮ್ಮ ದೊಡ್ಡಪ್ಪನ ಊರಿನಲ್ಲಿ ಈ ಮಾತನ್ನು ಯಾರೂ ಒಪ್ಪುವುದಿಲ್ಲ. ಕೋವಿ ಇದೆ ಎಂಬ ಸುದ್ದಿಯೇ ಅರ್ಧ ಕಾವಲು ಕಾಯುತ್ತದೆ, ಹಂದಿಗೂ ಅದರ ವಾಸನೆ ಹತ್ತುತ್ತದೆ ಎನ್ನುವುದು ಅಲ್ಲಿಯ ಹಿರಿಯರ ನಂಬಿಕೆ. ಹಂದಿಗೆ ವಾಸನೆ ಹತ್ತಿದ ಲಕ್ಷಣ ನನಗಂತೂ ಕಂಡಿಲ್ಲ. ಕಾಡಂಚಿನಿಂದ ಇಳಿದು, ಜೋಳದ ಹೊಲ ಮಗುಚಿ, ಬಾಳೆಯ ಬುಡ ಬಗೆದು, ಕೋಳಿ ಕೂಗುವ ಮೊದಲೇ ಅದು ತನ್ನ ಮನೆ ಸೇರಿರುತ್ತದೆ. ದೊಡ್ಡಪ್ಪ ಆಮೇಲೆ ಎದ್ದು, ಕಾಫಿ ಕುಡಿದು, ಕೋವಿಯನ್ನು ಗೂಟದಿಂದ ಇಳಿಸಿ, ಒರೆಸಿ, ಮತ್ತೆ ಗೂಟಕ್ಕೆ ಹಾಕುತ್ತಾರೆ.

ಅದು ಜೋಡಿನಳಿಗೆಯ ತೋಟಾ ಕೋವಿ, 12 ಬೋರ್. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪ ಬರುತ್ತದೋ ನಳಿಗೆಯ ಒಳಗಲ ಅಷ್ಟು, ಸುಮಾರು ಹದಿನೆಂಟೂವರೆ ಮಿಲಿಮೀಟರ್. ತಾತ ಕೊಂಡದ್ದು. ಅವರ ಕಾಲದ ಕಾಗದದ ಮೊಹರಿನಲ್ಲಿ ಕಡೂರು ಜಿಲ್ಲೆ ಎಂದಿದೆ. ಜಿಲ್ಲೆಗೆ ಚಿಕ್ಕಮಗಳೂರಿನ ಹೆಸರು ಬಂದದ್ದು 1947ರಲ್ಲಿ. ಆಮೇಲೆ ಬೀರೂರಿನ ಮೀಟರ್ ಗೇಜ್ ಹಳಿ ಬ್ರಾಡ್ ಗೇಜಾಯಿತು, ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಕೋವಿಗೆ ಮಾತ್ರ ಈ ಅವಧಿಯಲ್ಲಿ ಬಡ್ತಿ ಸಿಕ್ಕಿರಲಿಲ್ಲ.

ಒಡವೆ ಇರಲಿಲ್ಲವೆಂದಲ್ಲ. ಹೆಗಲ ಬೆಲ್ಟನ್ನು ಕಡೂರು ಸಂತೆಯ ದಿನ ಒಬ್ಬ ಮೋಚಿ ಎತ್ತಿನ ಮೂಗುದಾರದ ಚರ್ಮದಲ್ಲಿ ಹೊಲಿದುಕೊಟ್ಟಿದ್ದ. ತೋಟಾ ಸಿಕ್ಕಿಸುವ ಪಟ್ಟಿಯನ್ನು ದೊಡ್ಡಮ್ಮ ಹಳೆಯ ಖಾಕಿ ಚಡ್ಡಿಯನ್ನು ಬಿಚ್ಚಿ ಹೊಲಿದಿದ್ದರು. ಅದರ ಒಂದೆರಡು ಗೂಡುಗಳಲ್ಲಿ ತೋಟಾದ ಬದಲು ದೊಡ್ಡಪ್ಪನ ಬೀಡಿ ಇರುತ್ತಿತ್ತು. ನಳಿಗೆ ಉಜ್ಜುವ ಗಜದ ತುದಿಗೆ ಮೆತ್ತನೆ ಹಳೇ ಪಂಚೆ ಚೂರು, ಅದಕ್ಕೆ ಕೊಬ್ಬರಿ ಎಣ್ಣೆ. ರಾತ್ರಿ ಕಾವಲಿಗೆ ಮೂರು ಸೆಲ್ಲಿನ ಟಾರ್ಚನ್ನು ನಳಿಗೆಯ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿಯುತ್ತಿದ್ದರು. ಈಡು ಹೊಡೆದ ಏಟಿಗೆ ಟಾರ್ಚು ಆರಿಹೋಗುತ್ತಿತ್ತು. ಏನಾದರೂ ಬಿತ್ತೋ ಇಲ್ಲವೋ ಎಂದು ತಿಳಿಯಲು ಬೆಳಗಾಗಬೇಕಿತ್ತು, ಬೆಳಗಾದರೆ ಏನೂ ಬಿದ್ದಿರುತ್ತಿರಲಿಲ್ಲ. ಖಾಲಿ ತೋಟಾ ಮಕ್ಕಳ ಪಾಲು. ತುಟಿಗೆ ಒತ್ತಿ ಊದಿದರೆ ರೈಲಿನ ಸೀಟಿ. ಆ ಸುಟ್ಟ ಮದ್ದಿನ ವಾಸನೆಗಾಗಿ ನಾವು ಹೊಡೆದಾಡಿದ್ದೇವೆ.

ಇಂಥ ಮನೆಗೆ ದಸರಾ ರಜೆಯಲ್ಲಿ ಬೆಂಗಳೂರಿನಿಂದ ದೊಡ್ಡಪ್ಪನ ಮೊಮ್ಮಗ ಬಂದ, ಕೈಯಲ್ಲಿ ಫೋನು. ಅದರಲ್ಲಿ ಅಮೆರಿಕದ ಗಡ್ಡದವನೊಬ್ಬ ಕಪ್ಪು ಬಣ್ಣದ ಸೆಮಿ ಆಟೋಮ್ಯಾಟಿಕ್ ಕೋವಿಯನ್ನು ಮೇಜಿನ ಮೇಲೆ ಮಲಗಿಸಿ ಒಂದೊಂದೇ ಒಡವೆ ತೊಡಿಸುತ್ತಿದ್ದ. ಮದುಮಗಳ ಅಲಂಕಾರಕ್ಕೂ ಅಷ್ಟು ಹೊತ್ತು ಹಿಡಿಯುವುದಿಲ್ಲ. ನಾವೆಲ್ಲ ಜಗಲಿಯಲ್ಲಿ ಕೂತು ನೋಡಿದೆವು.

ಸೆಮಿ ಆಟೋಮ್ಯಾಟಿಕ್ ಎಂದರೆ, ಒಮ್ಮೆ ಟ್ರಿಗರ್ ಎಳೆದರೆ ಒಂದೇ ಈಡು. ಆದರೆ ಆ ಈಡಿನ ಅನಿಲದಲ್ಲೋ ಹಿಂದೊದೆತದಲ್ಲೋ ಸ್ವಲ್ಪ ಪಾಲು ಉಳಿಸಿಕೊಂಡು, ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ತಾನೇ ಏರಿಸಿಕೊಳ್ಳುತ್ತದೆ. ಚರೆ ಕೋವಿಯಲ್ಲಿ ಇದನ್ನು ಸರಿಯಾಗಿ ಕೆಲಸ ಮಾಡುವಂತೆ ಮೊದಲು ರೂಪಿಸಿದವನು ಅಮೆರಿಕದ ಜಾನ್ ಬ್ರೌನಿಂಗ್. ಅಲ್ಲಿಯ ಕಂಪನಿಯೊಂದಿಗೆ ದುಡ್ಡಿನ ಮಾತು ಕೂಡದೆ ಆತ ಬೆಲ್ಜಿಯಂಗೆ ಹೋದ. 1900ರ ದಶಕದ ಆರಂಭದಲ್ಲೇ ಅಲ್ಲಿ ತಯಾರಿ ಶುರುವಾಯಿತು. ಹಿಂದೊದೆತದ ಒಂದಷ್ಟು ಭಾಗ ಹೀಗೆ ಕೆಲಸಕ್ಕೆ ಹೋಗುವುದರಿಂದ ಹೆಗಲಿಗೆ ನೋವು ಕಡಿಮೆ. ಇದೊಂದು ಮಾತು ದೊಡ್ಡಪ್ಪನ ಕಿವಿಗೆ ಬಿತ್ತು. ಜೋಡಿನಳಿಗೆ ಹಾರಿದಾಗ ಕೊಬ್ಬಿದ ಟಗರು ಹಾಯ್ದ ಹಾಗಿರುತ್ತದೆ. ಅವರ ಬಲ ಹೆಗಲು ಈಗ ಟಗರನ್ನು ತಡೆಯುವ ಹೆಗಲಲ್ಲ.

ಗಡ್ಡದವನ ಪಟ್ಟಿ ಉದ್ದವಿತ್ತು. ನಳಿಗೆಯ ತುದಿಗೆ ಹೊಳೆಯುವ ಫೈಬರ್ ಮಣಿ. ಬೋಲ್ಟ್ ಎಳೆಯಲು ದೊಡ್ಡ ಗುಂಡಿ. ಪಕ್ಕದಲ್ಲಿ ತೋಟಾ ಸಿಕ್ಕಿಸುವ ಪಟ್ಟಿ (ದೊಡ್ಡಮ್ಮ ಅದನ್ನು ನೋಡಿ, "ನಂದು ಹತ್ತು ಗೂಡಿಂದು" ಎಂದರು). ಮ್ಯಾಗಜೀನಿಗೆ ಜೋಡಿಸುವ ಕೊಳವೆ, ಅದರಿಂದ ಇನ್ನೂ ನಾಲ್ಕಾರು ತೋಟಾ ಹಿಡಿಸುತ್ತದಂತೆ. ತಮಾಷೆಯೆಂದರೆ ಆ ದೇಶದಲ್ಲಿ ವಲಸೆ ಹಕ್ಕಿಗಳ ಬೇಟೆಗೆ ಮೂರಕ್ಕಿಂತ ಹೆಚ್ಚು ತೋಟಾ ತುಂಬಬಾರದೆಂಬ ಕಾನೂನಿದೆ. ಹಾಗಾಗಿ ಹೆಚ್ಚು ಹಿಡಿಸುವ ಕೊಳವೆಯ ಪಕ್ಕದಲ್ಲೇ, ಹೆಚ್ಚು ಹಿಡಿಸದಂತೆ ತಡೆಯುವ ಬೆಣೆಯನ್ನೂ ಮಾರುತ್ತಾರೆ. ವ್ಯಾಪಾರವೆಂದರೆ ಹೀಗಿರಬೇಕು.

ಚೋಕ್ ಟ್ಯೂಬಿನ ಹೊತ್ತಿಗೆ ದೊಡ್ಡಪ್ಪ ಕಣ್ಣು ಬಿಟ್ಟರು. ನಳಿಗೆಯ ಬಾಯಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿದರೆ ಚರೆ ಬೇಗ ಚದುರುವುದಿಲ್ಲ, ದೂರಕ್ಕೆ ಗುಂಪಾಗಿ ಹೋಗುತ್ತದೆ. ಅಗಲ ಬಿಟ್ಟರೆ ಹತ್ತಿರದಲ್ಲೇ ಹರಡುತ್ತದೆ. ಹೊಸ ಕೋವಿಗಳಲ್ಲಿ ಇದನ್ನು ತಿರುಪು ಹಾಕಿ ಬದಲಿಸಬಹುದು. "ನಮ್ದರಲ್ಲಿ ಹುಟ್ಟುತ್ಲೇ ಐತೆ. ಮುಂದಿನ ಟ್ರಿಗರ್ ಬಲಗಡೆ ನಳಿಗೇದು, ಹತ್ರಕ್ಕೆ. ಹಿಂದಿಂದು ಎಡಗಡೇದು, ದೂರಕ್ಕೆ. ತಿರುಪು ಬಿಚ್ಚೋ ಹೊತ್ಗೆ ಹಂದಿ ಬೀರೂರು ದಾಟಿರ್ತೈತೆ" ಎಂದರು. ಎರಡು ಟ್ರಿಗರಿನ ಹಳೇ ಕೋವಿಯನ್ನು ಹೊಗಳಲು ಇದಕ್ಕಿಂತ ಒಳ್ಳೆಯ ವಾದವನ್ನು ನಾನು ಎಲ್ಲೂ ಕೇಳಿಲ್ಲ.

ಮೊಮ್ಮಗ ಬಿಡಲಿಲ್ಲ. "ತಾತ, ಹೋಗ್ಲಿ, ಒಂದು ರೆಡ್ ಡಾಟ್ ಆದ್ರೂ ಹಾಕ್ಸೋಣ."

"ಹಂಗಂದ್ರೆ?"

"ಕೆಂಪು ಚುಕ್ಕಿ. ಅದು ಎಲ್ಲಿ ಕಾಣುತ್ತೋ ಏಟು ಅಲ್ಲಿಗೇ."

ದೊಡ್ಡಪ್ಪ ಕೋವಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಐತಲ್ಲೋ. ನಿಮ್ಮಜ್ಜಿ ಆಯುಧಪೂಜೆ ದಿನ ಇಟ್ಟವ್ಳೆ."

ಇಟ್ಟಿದ್ದರು. ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಕುಡುಗೋಲಿಗೂ ಪಂಪ್‌ಸೆಟ್ಟಿಗೂ ಇಟ್ಟ ಹಾಗೆಯೇ. ಟ್ರಿಗರ್ ಸುತ್ತ ಒಂದು ಎಸಳು ಚೆಂಡುಹೂ ಇನ್ನೂ ಸಿಕ್ಕಿಕೊಂಡಿತ್ತು. ಕೊಡವರು ಈ ವಿಷಯದಲ್ಲಿ ನಮಗಿಂತ ರಸಿಕರು. ಸೆಪ್ಟೆಂಬರ್ ಮೊದಲಿಗೆ ಕೈಲ್ ಪೊಳ್ದ್ ಹಬ್ಬ ಬಂದರೆ ಕೋವಿಯ ಬಾಯಿಗೇ ತೋಕ್ ಪೂ ಸಿಕ್ಕಿಸುತ್ತಾರೆ, ಬೆಂಕಿಯ ಬಣ್ಣದ ಕಾಡುಹೂ. ಅವರಿಗೆ ಪರವಾನಗಿಯ ಗೊಡವೆಯೂ ಇಲ್ಲ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಬೇರೆ ಜಿಲ್ಲೆಯ ನಮಗೆ ಇದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿದೆ. ಬರೆದುಬಿಡುವುದೇ ವಾಸಿ.

ಹುಡುಗನಿಗೆ ಕಾನೂನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೆಳೆ ರಕ್ಷಣೆಗೆಂದು ಜಿಲ್ಲೆಯಲ್ಲಿ ಕೊಡುವ ಪರವಾನಗಿ ಪುಸ್ತಕದಲ್ಲಿ ಸೆಮಿ ಆಟೋಮ್ಯಾಟಿಕ್ ಬರುವುದಿಲ್ಲ. ನಿಯಮಗಳು ಅದನ್ನು ಬಿಗಿಯಾದ ವರ್ಗದಲ್ಲಿ ಇಟ್ಟಿವೆ. ನಳಿಗೆಯನ್ನು ಅನುಮತಿ ಇಲ್ಲದೆ ಒಂದಿಂಚು ಕತ್ತರಿಸಿದರೂ ಅಪರಾಧ. ಎಲ್ಲಕ್ಕಿಂತ ಸ್ವಾರಸ್ಯ 1959ರ ಶಸ್ತ್ರಾಸ್ತ್ರ ಕಾಯ್ದೆಯ ಇನ್ನೊಂದು ಸಾಲು: ಈಡಿನ ಸದ್ದನ್ನೋ ಬೆಳಕನ್ನೋ ಕುಗ್ಗಿಸುವ ಬಿಡಿಭಾಗವೂ ಕಾಯ್ದೆಯ ಕಣ್ಣಿಗೆ ಬಂದೂಕೇ. "ಸದ್ದು ಕಮ್ಮಿ ಮಾಡೋಕೆ ದುಡ್ಡು ಕೊಡ್ತಾರಾ?" ಎಂದು ದೊಡ್ಡಪ್ಪ ನಿಜವಾಗಿಯೂ ಆಶ್ಚರ್ಯಪಟ್ಟರು. ನಮ್ಮ ಕಡೆ ಕೋವಿಯಿಂದ ಈಗ ಉಳಿದಿರುವ ಉಪಯೋಗವೇ ಸದ್ದು. 1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿ ಮುಗಿಯಿತು. ಈರುಳ್ಳಿ ಪಾತಿಗೆ ಬರುವ ನವಿಲು ರಾಷ್ಟ್ರಪಕ್ಷಿ. ಕಡೂರಿನ ಬಾಸೂರು ಕಾವಲಿನ ಕೃಷ್ಣಮೃಗಗಳಿಗಂತೂ ಸರ್ಕಾರವೇ 2011ರಲ್ಲಿ ಸಂರಕ್ಷಿತ ಜಾಗ ಕೊಟ್ಟಿದೆ. ಅವು ಹೊಲಕ್ಕೆ ಬಂದರೆ ರೈತ ಗಟ್ಟಿಯಾಗಿ ಕೆಮ್ಮುವುದಕ್ಕೂ ಹೆದರುತ್ತಾನೆ.

ಕೆಮ್ಮುವ ಕೆಲಸಕ್ಕೂ ಈಗ ಬೇರೆಯವರು ಬಂದಿದ್ದಾರೆ. ರಸ್ತೆಬದಿಯಲ್ಲಿ ಪಿವಿಸಿ ಪೈಪಿನ ಕಾರ್ಬೈಡ್ ಗನ್ ಮಾರುತ್ತಾರೆ, ಮಂಗ ಓಡಿಸಲು. ಕೊಳ್ಳುವಾಗ ಪರವಾನಗಿ ಕೇಳುವವರಿಲ್ಲ. ಕಣ್ಣಿಗೆ ಮಾತ್ರ ಅಪಾಯ. ಹಾರದಿದ್ದಾಗ ಒಳಗೆ ಇಣುಕಿ ನೋಡಿ ದೃಷ್ಟಿ ಕಳೆದುಕೊಂಡವರಿದ್ದಾರೆ, ಮಕ್ಕಳ ಕೈಗೆ ಕೊಡಬೇಡಿ. ಮಂಗಗಳು ಮೊದಲು ಅದಕ್ಕೆ ಓಡಿದವು. ಈಗ ಮಾಡಿನ ಮೇಲೆ ಕೂತು ಮುಂದಿನ ಸದ್ದಿಗೆ ಕಾಯುತ್ತವೆ.

ಕೋವಿಗೆ ಒಡವೆ ತೊಡಿಸಿದರೂ ಚುನಾವಣೆ ಬಂದಾಗ ಬಿಚ್ಚಲೇಬೇಕು. ದಿನಾಂಕ ಘೋಷಣೆಯಾದ ಕೂಡಲೇ ಬಂದೂಕು ಠಾಣೆಗೆ. ಕೊರಳಿಗೆ ದಾರ ಕಟ್ಟಿ, ನಂಬರಿನ ಚೀಟಿ ತೂಗಿಸಿ, ಗೋಡೆಗೆ ಸಾಲಾಗಿ ನಿಲ್ಲಿಸುತ್ತಾರೆ. ರಶೀದಿಯಲ್ಲಿ ಕೋವಿ ಮಾತ್ರ ಬರೆಯುವುದರಿಂದ ಬೆಲ್ಟು, ಪಟ್ಟಿ, ಟ್ಯೂಬು ಎಲ್ಲ ಮನೆಯಲ್ಲೇ ಬಿಚ್ಚಿಟ್ಟು ಹೋಗುವುದು ವಾಡಿಕೆ. ದೊಡ್ಡಪ್ಪ ಆ ದಿನಗಳಲ್ಲಿ ಗೂಟ ಬರಿದಾಗಿ ಕಾಣುತ್ತದೆಂದು ಬೆಲ್ಟನ್ನೇ ಅದಕ್ಕೆ ನೇತುಹಾಕುತ್ತಾರೆ. ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಬಂದೂಕಿನ ಬಿಡಿಭಾಗಗಳ ವಿಷಯದಲ್ಲಿ ಅಜ್ಜಂಪುರಕ್ಕೆ ಇರುವ ಚರಿತ್ರೆ ಆ ಗಡ್ಡದವನಿಗೆ ಗೊತ್ತಿಲ್ಲ, ಪಾಪ. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಫಿರಂಗಿ ಎಳೆಯಲೆಂದೇ ಸಾಕಿದ ಎತ್ತುಗಳವು. ಹೈದರಾಲಿ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿ ಚಿದಂಬರಂ ತಲುಪಿದನೆಂದು ಹಳೆಯ ಗ್ಯಾಸೆಟಿಯರ್‌ಗಳು ಬರೆದಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರೂ ಈ ಮಂದೆಯನ್ನು ಬಿಡದೆ ತಮ್ಮ ತೋಪಿಗೆ ಕಟ್ಟಿದರು. ಆ ತಳಿಯ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಯಾರಿಗೂ ಸೊಪ್ಪು ಹಾಕದ ಕಣ್ಣು. ಫಿರಂಗಿಗೆ ತೊಡಿಸಿದ ಬಿಡಿಭಾಗಗಳಲ್ಲಿ ತಾನೇ ಮೇದು, ತಾನೇ ಕರು ಹಾಕಿ, ಫಿರಂಗಿ ಹೋದ ಮೇಲೂ ಉಳಿದದ್ದು ಇದೊಂದೇ.

ಕೊನೆಗೆ ಹುಡುಗ ಒಂದು ವಸ್ತು ತರಿಸಿಯೇಬಿಟ್ಟ. ಕೋವಿಯ ಹಿಂಭಾಗದ ಕಟ್ಟಿಗೆಗೆ ಹಾಕುವ ರಬ್ಬರ್ ಮೆತ್ತೆ, ತಾತನ ಹೆಗಲಿಗಾಗಿ. ಎಲ್ಲ ಒಡವೆಗಳಲ್ಲಿ ನಿಜಕ್ಕೂ ಕೊಳ್ಳಬೇಕಾದದ್ದು ಅದೇ ಎಂದು ನನ್ನ ತೀರ್ಪು. ಆದರೆ ಅದನ್ನು ಕೂರಿಸುವುದಕ್ಕೆ ಲೆಕ್ಕವಿದೆ. ಟ್ರಿಗರಿನಿಂದ ಕಟ್ಟಿಗೆಯ ತುದಿಯವರೆಗಿನ ಉದ್ದ ಹಿಡಿಯುವವನ ತೋಳಿಗೆ ಸರಿಯಾಗಿರಬೇಕು. ಒಂದಿಂಚು ದಪ್ಪದ ಮೆತ್ತೆ ಹಾಕಿದರೆ ಅಷ್ಟೇ ಕಟ್ಟಿಗೆ ಕೊಯ್ಯಬೇಕು, ಇಲ್ಲವಾದರೆ ಕೋವಿ ಏರಿಸುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಊರಿನ ಬಡಗಿಯನ್ನು ಕರೆಸಿದೆವು. ನಮ್ಮ ಮನೆಯ ಬಾಗಿಲುಗಳನ್ನೆಲ್ಲ ಮಾಡಿದವನು. ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಅಕ್ರೋಟು ಮರದ ಎಳೆಗಳ ಮೇಲೆ ಹೆಬ್ಬೆರಳು ಆಡಿಸಿ, "ಯಜಮಾನ್ರೇ, ಗರಗಸ ಇಡೋಕೆ ಮನ್ಸು ಬರಲ್ಲ. ನಿಮ್ಮಪ್ಪಾರು ಹಿಡಿದ ಜಾಗ ಸವೆದಿರೋದು ಕಾಣ್ತೈತೆ" ಎಂದು ಕೆಳಗಿಟ್ಟ. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ಕೊಯ್ಯದೆಯೇ ಮೆತ್ತೆಯನ್ನು ಕಾಲಿಗೆ ಕಾಲುಚೀಲ ಎಳೆದಂತೆ ಹುಡುಗ ಎಳೆದ. ದೊಡ್ಡಪ್ಪ ಹೆಗಲಿಗಿಟ್ಟರು. ಕೈ ಟ್ರಿಗರಿಗೆ ನಿಲುಕಲಿಲ್ಲ. ವಯಸ್ಸಿನಲ್ಲಿ ತೋಳು ಕುಗ್ಗುತ್ತದೆಂದು ಅವರು ಒಪ್ಪಲಿಲ್ಲ, ರಬ್ಬರಿನದೇ ತಪ್ಪೆಂದರು. ಮೊಮ್ಮಗ ಸುಮ್ಮನೆ ಎತ್ತಿ ನೋಡಿದ. ಅಳತೆ ತೆಗೆದು ಮಾಡಿದಷ್ಟು ಸರಿಯಾಗಿ ಕೂತಿತು. ದೊಡ್ಡಪ್ಪ ಅವನನ್ನೇ ಸ್ವಲ್ಪ ಹೊತ್ತು ನೋಡಿದರು. "ಪುಸ್ತಕ ನನ್ನ ಹೆಸರಲ್ಲೈತೆ, ಕೆಳಗಿಡು" ಎಂದರು, ಗದರಿಕೆಯ ದನಿಯಲ್ಲೇನೂ ಅಲ್ಲ. ಪರವಾನಗಿ ಆಸ್ತಿಯ ಜೊತೆ ತಾನಾಗಿ ಬರುವುದಿಲ್ಲ. ವಾರಸುದಾರ ತನ್ನ ಹೆಸರಿಗೆ ಹೊಸದಾಗಿ ಅರ್ಜಿ ಹಾಕಿಯೇ ಪಡೆಯಬೇಕು. ಬೆಂಗಳೂರಿನ ಬಾಡಿಗೆ ಮನೆಯವನಿಗೆ ಯಾವ ಬೆಳೆಯ ರಕ್ಷಣೆ ಎಂದು ಕಚೇರಿಯಲ್ಲಿ ಕೇಳಿದರೆ ಅವನು ಬಾಲ್ಕನಿಯ ತುಳಸಿಯನ್ನು ತೋರಿಸಬೇಕಾದೀತು. ಮೆತ್ತೆಯನ್ನು ದೊಡ್ಡಮ್ಮ ಈಗ ಮಿಕ್ಸಿಯ ಅಡಿಗೆ ಇಟ್ಟಿದ್ದಾರೆ. ಚಟ್ನಿ ರುಬ್ಬುವಾಗ ಮಿಕ್ಸಿ ಕಟ್ಟೆಯ ಮೇಲೆ ನಡೆದಾಡುವುದು ನಿಂತಿದೆ.

ಇಷ್ಟು ಓದಿಯೂ ನಿಮ್ಮ ಮನೆಯ ಕೋವಿಗೆ ಏನಾದರೂ ತೊಡಿಸಬೇಕೆನ್ನಿಸಿದರೆ ಮೊದಲು ಪುಸ್ತಕ ತೆರೆದು ಕೊನೆಯ ಮೊಹರನ್ನು ನೋಡಿ. 2019ರ ತಿದ್ದುಪಡಿಯ ಮೇಲೆ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬರ ಬಳಿ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. ಮೂರು ವರ್ಷದ ಲೆಕ್ಕ ನಮ್ಮ ಹಿರಿಯರಿಗೆ ಬಾಯಿಪಾಠವಿತ್ತು; ಐದು ವರ್ಷ ಇದೆಯಲ್ಲ ಎಂದು ಮರೆಯುವುದು ಸುಲಭ, ಮರೆಯಬೇಡಿ.