ಸಿಂಬೆ ಮತ್ತು ಕುಲಾವಿ

ನಮ್ಮ ಜನರ ತಲೆಯ ಮೇಲೆ ಏನೇನು ಇತ್ತು ಅನ್ನೋದನ್ನ ಸಾಲಾಗಿ ಬರೆದರೆ ಅದೇ ಒಂದು ಚರಿತ್ರೆ. ತಿಪ್ಪೆಗೊಬ್ಬರದ ಮಂಕರಿ, ಸೌದೆ ಹೊರೆ, ಜಲ್ಲಿ ತುಂಬಿದ ಬಾಣಲಿ, ಹುಲ್ಲಿನ ಕಂತೆ, ಧಣಿಗಳ ಕಣದಿಂದ ಧಣಿಗಳ ಅಟ್ಟಕ್ಕೇ ಏರಿದ ರಾಗಿ ಮೂಟೆ. ಇಷ್ಟಕ್ಕೂ ಯಾರೂ ಅಡ್ಡಿ ಮಾಡಲಿಲ್ಲ. ಆದರೆ ಅದೇ ತಲೆಗೆ ಒಂದು ರುಮಾಲು ಸುತ್ತಿಕೊಂಡು ಊರ ಬೀದಿಗೆ ಕಾಲಿಟ್ಟರೆ, ಬಿಚ್ಚಿ ಕಂಕುಳಿಗೆ ಸಿಗಿಸಿಕೊಳ್ಳೋ ಅಂತ ಗದರುತ್ತಿದ್ದರು. ಹೊರೆಗೆ ಅಪ್ಪಣೆ ಇತ್ತು, ಹೊದಿಕೆಗೆ ಇರಲಿಲ್ಲ.

ಇದನ್ನ ನೆನಪಲ್ಲಿ ಇಟ್ಟುಕೊಂಡೇ ನಾವು ಈಗ ಒಂದು ಕೂಸಿನ ಟೋಪಿಯ ಬಗ್ಗೆ ಬರೀತಿದೀವಿ. ಇದೇನು ಹೆಂಗಸರ ಪುರವಣಿಯ ಮಾತು, ಚಳವಳಿಗೂ ಉಲ್ಲನ್ ಉಂಡೆಗೂ ಏನು ಸಂಬಂಧ ಅಂತ ಪುಟ ಮಗುಚಿ ಹಾಕೋ ಗೆಳೆಯರು ಇರಬಹುದು. ಸ್ವಲ್ಪ ತಡೀರಿ. ಹುಟ್ಟಿದ ಮೊದಲ ತಿಂಗಳು ದಾಟದ ಕೂಸು ಯಾವ ಮೆರವಣಿಗೆಗೂ ಬರೋದಿಲ್ಲ.

ನಮ್ಮದು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು. ಆಂಧ್ರದ ಗಡಿ ಮಗ್ಗುಲಲ್ಲೇ ಇದೆ. ಹೊರಗಿನವರಿಗೆ ಪಾವಗಡ ಅಂದ್ರೆ ಬಿಸಿಲು, ಬರ, ಫ್ಲೋರೈಡ್ ನೀರು. ಇಲ್ಲಿ ಚಳಿ ಇದೆ ಅಂದ್ರೆ ನಗ್ತಾರೆ. ಮಾಗಿ ತಿಂಗಳಲ್ಲಿ ಒಂದು ರಾತ್ರಿ ನಮ್ಮ ಕಾಲೋನಿಯ ಸೀಟಿನ ಮನೆಯಲ್ಲಿ ಮಲಗಿ ನೋಡಲಿ. ಹಗಲು ಕಾದ ಸೀಟು ಮೂರನೇ ಜಾವಕ್ಕೆ ಐಸಿನಂತಾಗುತ್ತೆ. ಬಯಲಿಗೆ ತಡೆ ಇಲ್ಲ, ಗಾಳಿಗೆ ಮರ ಇಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅನ್ನೋ ಗಾದೆ ನಮಗೂ ಗೊತ್ತು. ಅಲ್ಲೀವರೆಗೆ ಕೂಸನ್ನ ಉಳಿಸಿಕೊಳ್ಳೋದು ಹೆಂಗೆ ಅನ್ನೋದು ಗಾದೆಯಲ್ಲಿ ಇಲ್ಲ.

ದೊಡ್ಡವರ ತಲೆ ಮೈಯುದ್ದದ ಎಂಟನೇ ಒಂದು ಪಾಲು. ಹಸುಗೂಸಿನ ತಲೆ ನಾಲ್ಕನೇ ಒಂದು ಪಾಲು. ಮೈಚರ್ಮದ ಸುಮಾರು ಐದನೇ ಒಂದು ಭಾಗ ತಲೆಯೇ. ಅಷ್ಟೂ ಬರಿದಾಗಿದ್ದರೆ ಮೈಯ ಕಾವು ಅಲ್ಲಿಂದಲೇ ಸೋರಿ ಹೋಗುತ್ತೆ. ಎರಡೂವರೆ ಕೇಜಿಗಿಂತ ಕಡಿಮೆ ತೂಗೋ ಕೂಸಿಗೆ ಮೈಯಲ್ಲಿ ಕೊಬ್ಬು ಕಮ್ಮಿ, ಕಾವು ಹುಟ್ಟಿಸೋ ಶಕ್ತಿ ಕಮ್ಮಿ. ತಣ್ಣಗಾದ ಕೂಸು ಮೊಲೆ ಚೀಪೋದು ಬಿಡುತ್ತೆ, ಚೀಪದ ಕೂಸು ಇನ್ನೂ ತಣ್ಣಗಾಗುತ್ತೆ. ಬಸುರಿಯಲ್ಲಿ ಹೊಟ್ಟೆ ತುಂಬ ಉಣ್ಣದೆ, ತುಂಬಿದ ತಿಂಗಳವರೆಗೂ ಕೂಲಿಗೆ ಬಗ್ಗಿದ ತಾಯಂದಿರ ಹೊಟ್ಟೆಯಲ್ಲೇ ಇಂಥ ಕೂಸುಗಳು ಹೆಚ್ಚು. ಹಾಗಾಗಿ ಚಳಿ ಎಲ್ಲರಿಗೂ ಒಂದೇ ಅನ್ನೋದು ಸುಳ್ಳು.

1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಎಡ್ಗರ್ ರೇ ಎಂಬ ಡಾಕ್ಟರು ಒಂದು ದಾರಿ ಹುಡುಕಿದರು. ಅವರ ಆಸ್ಪತ್ರೆಯಲ್ಲಿ ದಿನ ತುಂಬದ ಕೂಸುಗಳು ಜಾಸ್ತಿ, ಅವನ್ನ ಬೆಚ್ಚಗಿಡೋ ಪೆಟ್ಟಿಗೆಗಳು ಕಮ್ಮಿ. ಕೂಸಿನ ತಲೆಗೆ ಒಂದು ಟೋಪಿ ಹಾಕಿ, ಬರಿ ಮೈಯನ್ನ ತಾಯಿಯ ಬರಿ ಎದೆಗೆ ಕಟ್ಟಿದರು. ಕಾಂಗರೂ ಆರೈಕೆ ಅಂತ ಲೋಕವೆಲ್ಲ ಅದನ್ನ ಈಗ ಒಪ್ಪಿದೆ. ಲಕ್ಷಾಂತರ ರೂಪಾಯಿಯ ಯಂತ್ರ ಇಲ್ಲದ ಕಡೆ ತಾಯಿಯ ಎದೆ ಮತ್ತು ಒಂದು ಟೋಪಿ ಜೀವ ಹಿಡಿದವು. ಇದು ಬಡವರು ಕಲಿಸಿದ ವಿಜ್ಞಾನ.

ನಮ್ಮಲ್ಲಿ ಟೋಪಿ ಅನ್ನೋದಕ್ಕೆ ಮೊದಲು ಕುಲಾವಿ ಅಂತಿದ್ದರು. ಹಳೇ ಸೀರೆಯ ಮೆತ್ತನೆ ತುಂಡನ್ನ ಎರಡು ಮಡಿಕೆ ಮಾಡಿ, ಕಿವಿ ಮುಚ್ಚೋ ಹಾಗೆ ಹೊಲಿದು, ಗಲ್ಲದ ಕೆಳಗೆ ಲಾಡಿ ಕಟ್ಟೋದು. ಆ ಮಾತಿನಲ್ಲಿ 'ಕುಲ' ಅಂತ ಕೇಳಿಸುತ್ತೆ. ಆದರೆ ಅದು ನಮ್ಮ ಕುಲ ಅಲ್ಲ, ಪಾರಸಿಯ ಕುಲಾಹ್, ಅಂದ್ರೆ ಟೋಪಿ. ಎಲ್ಲಿಂದಲೋ ನಡೆದು ಬಂದು ನಮ್ಮ ಅಜ್ಜಿಯರ ಬಾಯಲ್ಲಿ ಕನ್ನಡವಾಯಿತು. ಯಾರ ಕುಲವನ್ನೂ ಕೇಳದೆ ಬಂದ ಮಾತು.

ಸರ್ಕಾರಕ್ಕೂ ಒಂದು ಸಲ ಇದು ಹೊಳೆದಿತ್ತು. 2007ರಲ್ಲಿ ಶುರುವಾದ ಮಡಿಲು ಯೋಜನೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಕೊಡುತ್ತಿದ್ದ ಚೀಲದೊಳಗೆ ಸೋಪು, ಸೊಳ್ಳೆಪರದೆಯ ಜೊತೆ ಕೂಸಿನ ಸ್ವೆಟರು, ಟೋಪಿ, ಕಾಲುಚೀಲ ಇರುತ್ತಿದ್ದವು. ಆ ಟೋಪಿ ಎಷ್ಟು ದಿನ? ಒಂದು ವರ್ಷದೊಳಗೆ ಕೂಸಿನ ತಲೆಯ ಸುತ್ತಳತೆ 34 ಸೆಂಟಿಮೀಟರಿನಿಂದ ಸುಮಾರು 46ಕ್ಕೆ ಬೆಳೆದಿರುತ್ತೆ. ಮೊದಲ ಮಾಗಿಯ ಟೋಪಿ ಎರಡನೇ ಮಾಗಿಗೆ ನೆತ್ತಿ ಮೇಲೆ ಗುಬ್ಬಿಯಂತೆ ಕೂತಿರುತ್ತೆ. ಅದಕ್ಕೇ ನಾವು ಹೆಣೆಯೋದು ಕಲಿತದ್ದು.

ಹೆಣೆಯೋದಕ್ಕೆ ಮೊದಲು ದಾರದ ಮಾತು. ಉಲ್ಲನ್ ಅಂತೀವಿ, ಅದು ಉಣ್ಣೆ ಅಲ್ಲ. ಅಂಗಡಿಯ ಅಗ್ಗದ ಉಂಡೆ ಅಕ್ರಿಲಿಕ್, ಕಲ್ಲೆಣ್ಣೆಯಿಂದ ತೆಗೆದ ಎಳೆ. ಉಣ್ಣೆ ನಮ್ಮ ಸುತ್ತಲೇ ಮೇಯ್ತಾ ಇತ್ತು. ಶಿರಾ, ಪಾವಗಡ, ಚಳ್ಳಕೆರೆ ಕಡೆಯ ಕರೀ ಕುರಿಯ ಉಣ್ಣೆಯಿಂದ ಕುರುಬರು ಕಂಬಳಿ ನೇಯ್ದರು, ಹುಣಿಸೆಬೀಜದ ಗಂಜಿ ಹಾಕಿ ಗಟ್ಟಿ ಮಾಡಿದರು. ಮಳೆಗೂ ಚಳಿಗೂ ಅದಕ್ಕೆ ಸಾಟಿ ಇಲ್ಲ. ಆದರೆ ಆ ಉಣ್ಣೆ ಒರಟು, ಎಳೇ ನೆತ್ತಿಗೆ ಚುಚ್ಚುತ್ತೆ.

ಈಗ ಆ ಕುರಿಗಳಿಗೂ ಬೀಡು ಕಮ್ಮಿ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ನಮ್ಮ ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. 2018ರಲ್ಲಿ ಕರೆಂಟು ಶುರುವಾಯಿತು, 2019ರ ಕೊನೆಗೆ 2,050 ಮೆಗಾವ್ಯಾಟ್ ಮುಟ್ಟಿತು. ಬರದ ನೆಲದಲ್ಲಿ ಬಿಸಿಲೇ ಬೆಳೆಯಾದದ್ದು ಸಣ್ಣ ಮಾತಲ್ಲ, ಅದನ್ನ ಹಳಿಯೋದು ನಮ್ಮ ಉದ್ದೇಶವೂ ಅಲ್ಲ. ಲೆಕ್ಕ ಮಾತ್ರ ಹೇಳ್ತೀವಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಡಲೆಕಾಯಿ ಕಿತ್ತವರಿಗೆ, ಕಳೆ ತೆಗೆದವರಿಗೆ ಪಹಣಿ ಎಲ್ಲಿ? 1974ರ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು. ಕೂಲಿಯವನಿಗೆ ಗೇಣಿಯೂ ಇರಲಿಲ್ಲ, ಅವನು ಆ ಕಾಯಿದೆಯ ಬಾಗಿಲಾಚೆಯೇ ನಿಂತ. ಈಗ ಬಿಸಿಲಿನ ಬಾಡಿಗೆಯ ಕಾಲದಲ್ಲೂ ಅದೇ ಬಾಗಿಲು. ಬೇಲಿ ಬಂತು, ಕೂಲಿ ಹೋಯಿತು, ಮೇವು ಹೋಯಿತು. ಮಿಕ್ಕದ್ದು ಖಾಲಿ ಕೈ.

ಆ ಖಾಲಿ ಕೈಗೆ ನಾವು ಕ್ರೋಶಾ ಕಡ್ಡಿ ತಗೊಂಡ್ವಿ. ದಾರ ತರೋದಕ್ಕೆ ಪೇಟೆಗೆ ಹೋದಾಗ ಒಂದು ಅಂಗಡಿಯಲ್ಲಿ, "ಯಾವೂರಮ್ಮಾ? ಊರಲ್ಲಿ ಯಾವ ಕಡೆ ಮನೆ?" ಅಂದರು. ಹೇಳಿದ್ವಿ. ಅಲ್ಲೀವರೆಗೆ ಕೈಗೆ ಕೊಟ್ಟು ತೋರಿಸ್ತಿದ್ದ ಉಂಡೆಯನ್ನ ಆಮೇಲೆ ಗಲ್ಲಾ ಮೇಲೆ ಉರುಳಿಸಿದರು. ಚಿಲ್ಲರೆಯನ್ನೂ ಅಲ್ಲೇ ಇಟ್ಟರು. ಆ ದಾರವನ್ನ ಯಾವ ಕಾರ್ಖಾನೆಯಲ್ಲಿ ಯಾವ ಜಾತಿಯ ಕೂಲಿ ಉಂಡೆ ಸುತ್ತಿದನೋ ಅವರು ಕೇಳಿರಲಿಲ್ಲ.

ಹೆಣೆಯೋ ಬಗೆ ಹೇಳ್ತೀವಿ, ಮನೆಯಲ್ಲಿ ಓದಿ ಹೇಳಿರಿ. ಒಂದು ವರ್ಷದ ಕೂಸಿಗೆ ಐವತ್ತು ಗ್ರಾಂ ದಾರ, ನಾಲ್ಕು ಮಿಲಿಮೀಟರಿನ ಕಡ್ಡಿ ಸಾಕು. ದಾರವನ್ನ ಬೆರಳಿಗೆ ಸುತ್ತಿ ಕುಣಿಕೆ ಮಾಡಿ, ಅದರೊಳಗೆ 12 ಕಂಬ ಹಾಕಿ ಎಳೀಬೇಕು. ಪುಟ್ಟ ಬಳೆಯಾಗುತ್ತೆ. ಎರಡನೇ ಸುತ್ತಿಗೆ ಪ್ರತಿ ಕಂಬಕ್ಕೂ ಎರಡು, ಒಟ್ಟು 24. ಮೂರನೆಯದಕ್ಕೆ ಒಂದು ಬಿಟ್ಟು ಒಂದಕ್ಕೆ ಎರಡು, 36. ನಾಲ್ಕನೆಯದಕ್ಕೆ ಎರಡು ಬಿಟ್ಟು ಒಂದಕ್ಕೆ, 48. ಹೀಗೆ ಸುತ್ತಿಗೆ ಹನ್ನೆರಡು ಏರುತ್ತಾ ಆರನೇ ಸುತ್ತಿಗೆ 72. ಕಮ್ಮಿ ಏರಿಸಿದರೆ ಬಟ್ಟಲಿನಂತೆ ಮುದುರುತ್ತೆ, ಜಾಸ್ತಿಯಾದರೆ ನೆರಿಗೆ ಬೀಳುತ್ತೆ. ಬಿಲ್ಲೆ ಹದಿಮೂರೂವರೆ ಸೆಂಟಿಮೀಟರು ಅಗಲ ಬಂದ ಮೇಲೆ ಏರಿಸೋದು ನಿಲ್ಲಿಸಿ, 72ರಲ್ಲೇ ಒಂಬತ್ತು ಸುತ್ತು ಕೆಳಗಿಳಿದರೆ ಟೋಪಿ. ಎರಡೂ ಪಕ್ಕ ಕಿವಿಗೆ ಪಟ್ಟಿ.

ಹದಿಮೂರೂವರೆ ಯಾಕೆ? ತಲೆ ಸುತ್ತಳತೆ 46. ದಾರ ಹಿಗ್ಗೋದರಿಂದ ಟೋಪಿ ಮೂರು ಸೆಂಟಿಮೀಟರು ಕಮ್ಮಿ, 43. ಅದನ್ನ 3.14ರಿಂದ ಭಾಗಿಸಿ ನೋಡಿ. ನಮ್ಮ ಕೇರಿಯ ಅಜ್ಜಿ ಒಂದು ದಿನವೂ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಕೂಸಿನ ತಲೆ ಸುತ್ತ ನೂಲು ಹಿಡಿದು, ಆ ನೂಲನ್ನ ಮೂರು ಮಡಿಕೆ ಮಾಡಿ, "ಇಷ್ಟಗಲ ಸಾಕು ಕಣೇ, ಇನ್ನ ಏರಿಸಬ್ಯಾಡ" ಅಂತಾಳೆ. ಹಳ್ಳಿಯ ಮೇಷ್ಟರುಗಳೇ, ಪೈ ಪಾಠ ಬಂದಾಗ ಮಕ್ಕಳ ಕೈಗೆ ಒಂದು ನೂಲು ಕೊಡಿ. ಬೋರ್ಡಿನ ಮೇಲೆ ಅರ್ಥವಾಗದ್ದು ತಂಗಿಯ ತಲೆಯ ಮೇಲೆ ಅರ್ಥವಾಗುತ್ತೆ.

ಮೊದಲ ಬಳೆ ಬಿಗಿದಾಗ ಆ ಅಜ್ಜಿಯೇ ಅಂದಳು, "ಇದು ಸಿಂಬೆ ಇದ್ದಂಗೆ ಐತಲ್ಲೇ!" ನಾವೆಲ್ಲ ನಕ್ಕೆವು, ಆಮೇಲೆ ಸುಮ್ಮನಾದ್ವಿ. ಹೌದು. ಹೊರೆ ಒತ್ತದಿರಲಿ ಅಂತ ಬಟ್ಟೆ ಸುತ್ತಿ ನೆತ್ತಿಗೆ ಇಟ್ಟುಕೊಳ್ಳೋ ಸಿಂಬೆ. ನಮ್ಮ ತಾಯಂದಿರ ನೆತ್ತಿಯ ಕೂದಲು ಅಲ್ಲೇ ಸವೆದದ್ದು. ಸಿಂಬೆಯೂ ಬಳೆಯೇ, ಕುಲಾವಿಯೂ ಬಳೆಯಿಂದಲೇ ಶುರು. ಒಂದು ಹೊರೆಗೆ ಜಾಗ ಮಾಡಿ ನಿಂತುಬಿಡುತ್ತೆ. ಇನ್ನೊಂದು ಸುತ್ತು ಸುತ್ತಾಗಿ ಬೆಳೆದು ತಲೆಯನ್ನ ಕಾಯುತ್ತೆ.

ಎರಡು ಎಚ್ಚರಿಕೆ. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಗೆ ಕೆಂಡ ಇಡ್ತೀವಿ. ಅಕ್ರಿಲಿಕ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತೆ. ಟೋಪಿ ಹಾಕಿದ ಕೂಸನ್ನ ಕೆಂಡದ ಹತ್ತಿರ ತರಬೇಡಿ. ಉದ್ದ ಲಾಡಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸಬೇಡಿ, ಕುತ್ತಿಗೆಗೆ ಸುತ್ತಿಕೊಳ್ಳುತ್ತೆ.

ಈಗ ನಮಗೊಂದು ಸಲಹೆ ಬರ್ತಿದೆ. "ಚೆನ್ನಾಗಿ ಹೆಣೀತೀರಿ, ಮಾರಾಟಕ್ಕೆ ಹಾಕಿ, ಮನೇಲೇ ಕೂತು ದುಡೀಬಹುದು." ಮಾರೋದು ತಪ್ಪಲ್ಲ. ಆದರೆ ನೆರೆಯ ಆಂಧ್ರದ ನರಸಾಪುರದ ಕಥೆ ಮೊದಲು ತಿಳೀಬೇಕು. 19ನೇ ಶತಮಾನದಲ್ಲಿ ಮಿಷನರಿಗಳು ಅಲ್ಲಿ ಇದೇ ಕ್ರೋಶಾ ಲೇಸು ಕಲಿಸಿದರು. ಜರ್ಮನಿಯ ಮರಿಯಾ ಮೀಸ್ 1982ರಲ್ಲಿ ಆ ಹೆಂಗಸರ ಬಗ್ಗೆ ಒಂದು ಪುಸ್ತಕ ಬರೆದರು. ಲೇಸು ಸಮುದ್ರ ದಾಟಿ ಮಾರಾಟವಾಯಿತು, ವ್ಯಾಪಾರ ಗಂಡಸರ ಕೈಗೆ ಹೋಯಿತು, ಹೆಣೆದವರು ಮಾತ್ರ 'ಮನೇಲಿ ಕೂತ ಗೃಹಿಣಿಯರು'. ದಿನಾ ಗಂಟೆಗಟ್ಟಲೆ ದುಡಿದರೂ ಅದು ಬಿಡುವಿನ ಕೆಲಸ, ಹಾಗಾಗಿ ಕೂಲಿಯೂ ಬಿಡಿಗಾಸು. ನಮಗೆ ಆ ಬಿಡುವು ಬೇಡ. ಮಾರುವುದಾದರೆ ಗಂಟೆಗೆ ಕೂಲಿ ಕಟ್ಟಿ ಬೆಲೆ ಇಡ್ತೀವಿ. ನಮ್ಮ ಕೂಸಿಗಾದರೆ ಬೆಲೆಯೇ ಇಲ್ಲ.

1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಂಗಸರನ್ನ ಬೇರೆಯಾಗಿ ಕೂಡಿಸಿ ಮಾತಾಡಿದರು. ಅಸ್ಪೃಶ್ಯತೆಯ ಗುರುತಾಗಿ ಮೈಮೇಲೆ ಹೇರಿದ ಉಡುಗೆ ಒಡವೆ ಬಿಡಿ, ಸೀರೆ ಉಡೋ ರೀತಿ ಬದಲಿಸಿ ಅಂದರು. ಕೆರೆಯ ನೀರು ಮುಟ್ಟೋ ಹೋರಾಟದ ನಡುವೆ ಸೀರೆಯ ಮಾತು ಅವರಿಗೆ ಸಣ್ಣದಾಗಿ ಕಾಣಲಿಲ್ಲ. ಮೈಮೇಲೆ ಏನಿರಬೇಕು ಅನ್ನೋದನ್ನ ಮೈಯುಳ್ಳವರೇ ತೀರ್ಮಾನಿಸಬೇಕು ಅನ್ನೋದು ಅದರ ಅರ್ಥ.

ಕೂಸಿನ ನೆತ್ತಿ ಒಂದೂವರೆ ವರ್ಷದವರೆಗೂ ಪೂರ್ತಿ ಕೂಡಿರೋದಿಲ್ಲ. ಕೈ ಇಟ್ಟರೆ ಮೆತ್ತಗೆ ಬಡಿದುಕೊಳ್ಳುತ್ತೆ. ಆ ಜಾಗದ ಮೇಲೆ ಮೊದಲು ಕೂರೋದು ಏನು ಅನ್ನೋದು ನಮಗೆ ದೊಡ್ಡ ಪ್ರಶ್ನೆ. ಟೋಪಿಯೊಂದೇ ಉತ್ತರ ಅಂತ ನಾವು ಹೇಳ್ತಿಲ್ಲ. ಬಸುರಿಗೆ ಹೊಟ್ಟೆ ತುಂಬ ಊಟ ಬೇಕು, ಸೀಟಿನ ಬದಲು ಬೆಚ್ಚಗಿನ ಸೂರು ಬೇಕು, ನೆಲ ಇಲ್ಲದವರಿಗೂ ಬಿಸಿಲಿನ ಆದಾಯದಲ್ಲಿ ಪಾಲು ಬೇಕು. ಅವನ್ನ ಹೆಣೆಯೋ ಕಡ್ಡಿ ನಮ್ಮೊಬ್ಬರ ಕೈಯಲ್ಲಿಲ್ಲ, ಎಲ್ಲರೂ ಕೂಡಿ ಕೇಳಬೇಕು, ಕೇಳ್ತೀವಿ. ಟೋಪಿ ನಮ್ಮ ಕೈಯಲ್ಲಿದೆ. ಈ ಮಾಗಿಗೆ ಕೇರಿಯಲ್ಲಿ ಬಸುರಿಯರು ಎಷ್ಟಿದ್ದಾರೋ ಅಷ್ಟು ಹೆಣೀತಿದೀವಿ, ಒಂದು ಹೆಚ್ಚಿಗೆಯೇ ಇರಲಿ ಅಂತ.