ಆತ್ಮಸ್ತುತಿ

ಇಂದು ಬೆಳಿಗ್ಗೆ ಕಾಫಿಯ ಲೋಟ ಕೈಗೆ ಬರುವ ಹೊತ್ತಿಗೆ ಸರಿಯಾಗಿ ನನ್ನ ತಂಗಿಯ ಮಗ ಒಳಕೋಣೆಯಲ್ಲಿ ಅಮೆರಿಕದ ರ್‍ಯಾಪ್ ಹಾಡೊಂದನ್ನು ಹಾಕಿದನು. ಜಗಲಿಯಲ್ಲಿ ನನ್ನೊಡನೆ ಕುಳಿತಿದ್ದ ಹಿರಿಯ ಮಿತ್ರರು ಕೊಂಚ ಹೊತ್ತು ಕಿವಿಗೊಟ್ಟು, ಅದರ ಅರ್ಥವನ್ನು ಹುಡುಗನಿಂದಲೇ ಕೇಳಿ ತಿಳಿದು, “ಏನು ರಾಯರೇ, ಆತ್ಮಸ್ತುತಿಗೂ ತಾಳ ಹಾಕುವ ಕಾಲ ಬಂತಲ್ಲ!” ಎಂದು ಲೋಟವನ್ನು ಕೆಳಗಿಟ್ಟು ಹೊರಟುಹೋದರು. ಹಾಡು ರುಚಿಸದಿದ್ದುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಜೀವಮಾನವೆಲ್ಲ ಹಳಗನ್ನಡ ಕಾವ್ಯವನ್ನು ಓದಿ, ಓದಿಸಿ, ನಿವೃತ್ತರಾದ ವಿದ್ವಾಂಸರು, ಕವಿಯೊಬ್ಬನು ತನ್ನನ್ನು ತಾನು ಹೊಗಳಿಕೊಂಡನೆಂಬ ಒಂದೇ ಕಾರಣಕ್ಕೆ ಅವನ ಹಾಡನ್ನು ತಳ್ಳಿಹಾಕುವುದನ್ನು ಕಂಡು ಸುಮ್ಮನಿರುವುದು ನನ್ನಿಂದಾಗದು.

ಆ ಹಾಡು, ನೊಟೋರಿಯಸ್ ಬಿ.ಐ.ಜಿ. ಎಂಬ ಹೆಸರಿನಿಂದ ಪ್ರಸಿದ್ಧನಾದ ಕ್ರಿಸ್ಟೊಫರ್ ವ್ಯಾಲೇಸನು 1994ರಲ್ಲಿ ಹಾಡಿದ ‘ಜೂಸಿ’. ಜಮೈಕಾದಿಂದ ನ್ಯೂಯಾರ್ಕಿಗೆ ವಲಸೆ ಬಂದು ಪುಟ್ಟ ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ತಾಯಿಯೊಬ್ಬಳು ಬ್ರೂಕ್ಲಿನ್ನಿನಲ್ಲಿ ತಾನೊಬ್ಬಳೇ ಸಾಕಿ ಬೆಳೆಸಿದ ಒಬ್ಬನೇ ಮಗನು ಅವನು; ಹದಿಹರೆಯದಲ್ಲಿಯೇ ಬೀದಿಯ ಮೂಲೆಯಲ್ಲಿ ನಿಂತು ಮಾದಕದ್ರವ್ಯ ಮಾರಿದವನು. ಅವನ ಹಾಡುಗಳಲ್ಲಿ ಹಣ, ಹೆಣ್ಣು, ಕೋವಿಗಳ ಮಾತು ಬೇಕಾದಷ್ಟಿದೆ; ಅದು ತಪ್ಪೆಂದು ಹೇಳಬೇಕಾದವರೆಲ್ಲರೂ ಈಗಾಗಲೇ ಹೇಳಿದ್ದಾರೆ.

ಈ ಹಾಡಿನಲ್ಲಿ ಅವನು ಕೊಚ್ಚಿಕೊಳ್ಳುವುದಾದರೂ ಏನನ್ನು? ಐವತ್ತು ಅಂಗುಲದ ಟೆಲಿವಿಷನ್ನು, ಚರ್ಮದ ಸೋಫಾ, ಚಾಲಕನಿರುವ ಉದ್ದನೆಯ ಕಾರು, ತಾಯಿಯ ಮೈಮೇಲೆ ಬೆಲೆಬಾಳುವ ತುಪ್ಪಳದ ಕೋಟು. ಇಷ್ಟನ್ನು ಮಾತ್ರ ಕೇಳಿದವರಿಗೆ ಇದು ಹೊಸ ಸಿರಿವಂತನ ಮೆರೆದಾಟವೆನ್ನಿಸುವುದು ಸಹಜವೇ. ಆದರೆ ಈ ಸಿರಿಯ ಪಕ್ಕದಲ್ಲಿಯೇ ಅವನು ಹಿಂದಿನ ದಿನಗಳನ್ನೂ ತಂದು ನಿಲ್ಲಿಸಿದ್ದಾನೆ: ರಾತ್ರಿಯ ಊಟಕ್ಕೆ ಡಬ್ಬಿಯ ಮೀನು, ಮನೆಯ ಒಡೆಯನಿಂದಾದ ಅವಮಾನ, ಕೊರೆಯುವ ಚಳಿಯಲ್ಲಿ ಕಾವಿಲ್ಲದ ಮನೆ, ತಮ್ಮ ಮನೆಯನ್ನು ದಾಟಿಹೋದ ಕ್ರಿಸ್‌ಮಸ್ಸು, ವರ್ಷದ ಎಲ್ಲ ದಿನಗಳಿಗಿಂತಲೂ ಕೆಟ್ಟದಾಗಿದ್ದ ಹುಟ್ಟುಹಬ್ಬ. ಈ ಕೊನೆಯದೊಂದನ್ನು, ಬಡತನವನ್ನು ಪುಸ್ತಕದಲ್ಲಿ ಮಾತ್ರ ಕಂಡವನು ಕಲ್ಪಿಸಿ ಬರೆಯಲಾರನು. ಉಳಿದ ದಿನಗಳಲ್ಲಿ ಹೇಗೋ ಮರೆತಿರಬಹುದಾದ ಇಲ್ಲದಿರುವಿಕೆಯು ಮಗುವಿನೆದುರು ಬಂದು ನಿಲ್ಲುವುದು ಆ ದಿನವೇ. ಶನಿವಾರದ ರಾತ್ರಿ ರೇಡಿಯೊದಲ್ಲಿ ಬರುತ್ತಿದ್ದ ರ್‍ಯಾಪ್ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಳ್ಳುತ್ತ, ಗಾಯಕರ ಚಿತ್ರಗಳನ್ನು ಗೋಡೆಗೆ ತೂಗುಹಾಕುತ್ತಿದ್ದ ಹುಡುಗನನ್ನು ಅದೇ ಸಂಗೀತವು ಇಷ್ಟು ದೂರ ಕರೆತಂದೀತೆಂದು ಸ್ವತಃ ಅವನೇ ಎಣಿಸಿರಲಿಲ್ಲ. ಆ ವಿಸ್ಮಯವೇ ಹಾಡಿನ ಜೀವಾಳ. ಹಾಡು ತೊಡಗುವ ಮುನ್ನ ಅದನ್ನು, ಈ ಹುಡುಗ ಯಾವುದಕ್ಕೂ ಬಾರನೆಂದಿದ್ದ ಉಪಾಧ್ಯಾಯರಿಗೂ, ತನ್ನ ಮಗಳ ಹೊಟ್ಟೆಪಾಡಿಗಾಗಿ ಬೀದಿಯಲ್ಲಿ ನಿಂತಾಗ ಪೊಲೀಸರನ್ನು ಕರೆಸಿದ ಮಹಡಿಯ ಮೇಲಿನವರಿಗೂ ಅರ್ಪಿಸುತ್ತಾನೆ. ಅವರ ತೀರ್ಪಿಗೆ ಬೇರಾವ ನ್ಯಾಯಾಲಯದಲ್ಲಿ ಅವನು ಮೇಲ್ಮನವಿ ಸಲ್ಲಿಸಬೇಕಿತ್ತು?

ಮಗನು ಹಾಡಿದಷ್ಟು ಬಡತನ ತಮ್ಮ ಮನೆಯಲ್ಲಿರಲಿಲ್ಲವೆಂದು ಆ ತಾಯಿಯೇ ಮುಂದೆ ಹೇಳಿದ್ದುಂಟು. ನನಗೆ ಇಬ್ಬರ ಮಾತಿನಲ್ಲಿಯೂ ನಂಬಿಕೆಯಿದೆ. ತಾಯಿ ಹೇಳಿದುದು ಮನೆಯ ಲೆಕ್ಕ. ಮಗ ಬರೆದುದು ಪ್ರಶಸ್ತಿ. ಸಿರಿಯನ್ನು ಹಿಗ್ಗಿಸುವ ಅಧಿಕಾರವಿರುವ ಪ್ರಶಸ್ತಿಕಾರನಿಗೆ ಬಡತನವನ್ನು ಹಿಗ್ಗಿಸುವ ಅಧಿಕಾರವೂ ಇರಲೇಬೇಕು.

ಪ್ರಶಸ್ತಿಯೆಂದೊಡನೆ ನನ್ನ ಮಿತ್ರರಿಗೆ ಐಹೊಳೆಯ ಮೇಗುತಿಯ ಗುಡಿ ನೆನಪಾಗಬೇಕಾಗಿತ್ತು. 634ರಲ್ಲಿ ಅಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಶಿಲೆಗೇರಿಸಿದ ರವಿಕೀರ್ತಿಯು, ಅರಸನ ಸ್ತುತಿ ಮುಗಿದ ಮೇಲೆ, ತಾನು ಕಾಳಿದಾಸ ಭಾರವಿಯರ ಕೀರ್ತಿಯನ್ನು ಪಡೆದವನೆಂದು ತನ್ನನ್ನೂ ಹೊಗಳಿಕೊಂಡನಷ್ಟೆ! ತನ್ನ ಎರಡು ಕೃತಿಗಳು ಹಿಂದಣ ಕಾವ್ಯಗಳೆಲ್ಲವನ್ನೂ ಕೆಳಗೆ ಹಾಕಿದುವೆಂದು ಪಂಪನು ಸಾರಿದನು. ಇನ್ನು ರನ್ನನೋ, ಸರಸ್ವತಿಯ ಭಂಡಾರದ ಮುದ್ರೆಯನ್ನು ಮುರಿದವನೇ ತಾನೆಂದನು. ತನ್ನ ಕೃತಿಯನ್ನು ಪರೀಕ್ಷಿಸಬಯಸುವವನಿಗೆ ಎಂಟೆದೆ ಬೇಕೆಂದನು. ಇದನ್ನು ನಾವು ತಲೆಮಾರುಗಳಿಂದ ತರಗತಿಗಳಲ್ಲಿ ಹೆಮ್ಮೆಯಿಂದ ಪಾಠ ಹೇಳುತ್ತ ಬಂದಿದ್ದೇವೆ. ಅದೇ ರನ್ನನು ‘ಅಜಿತಪುರಾಣ’ದಲ್ಲಿ ತಾನು ಬಳೆಗಾರರ ಕುಲದಲ್ಲಿ ಹುಟ್ಟಿದವನೆಂಬುದನ್ನೂ, ಜಿನವಲ್ಲಭ ಮತ್ತು ಅಬ್ಬಲಬ್ಬೆಯರು ತನ್ನ ತಂದೆತಾಯಿಗಳೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದನು. ಮುದುವೊಳಲಿನ ಬಳೆಗಾರರ ಮಗನು ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದುದನ್ನು ತಗ್ಗಿದ ದನಿಯಲ್ಲಿ ಹೇಳಬೇಕಾಗಿತ್ತೆಂದು ಬಯಸುವವರು, ಆ ದಾರಿಯನ್ನು ನಡೆದು ಬಂದವರಲ್ಲವೆಂದೇ ನಾನು ತಿಳಿಯುತ್ತೇನೆ. ಹುಟ್ಟಿನಿಂದಲೇ ಮನ್ನಣೆ ಪಡೆದವನಿಗೆ ವಿನಯವು ಒಡವೆ. ಅದಿಲ್ಲದವನು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳದೆ ಹೋದರೆ ಮತ್ತಾರೂ ಹೇಳುವುದಿಲ್ಲ.

ಆತ್ಮಸ್ತುತಿಯು ಸಾವಿಗೆ ಸಮಾನವೆಂಬ ಮಾತು ನಮ್ಮಲ್ಲಿದೆ, ನಿಜ. ಅದರ ಮೂಲವಾದರೂ ಕರ್ಣಪರ್ವದಲ್ಲಿದೆ. ಕರ್ಣನಿಂದ ನೊಂದು ಬಿಡಾರಕ್ಕೆ ಮರಳಿದ ಧರ್ಮರಾಯನು, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡೆಂದು ತಮ್ಮನನ್ನು ಹಳಿದನು. ಹಾಗೆಂದವನ ತಲೆ ತೆಗೆಯುವೆನೆಂದು ಅರ್ಜುನನ ಪ್ರತಿಜ್ಞೆಯಿತ್ತು. ಹಿರಿಯನನ್ನು ನಿಂದಿಸಿದರೆ ಕೊಂದಂತೆಯೇ ಎಂದು ಕೃಷ್ಣನು ದಾರಿ ತೋರಿದನು. ನಿಂದಿಸಿ ಪಶ್ಚಾತ್ತಾಪದಿಂದ ಕತ್ತಿಯನ್ನು ತನ್ನ ಮೇಲೆಯೇ ಎತ್ತಿಕೊಂಡವನಿಗೆ, ನಿನ್ನನ್ನು ನೀನೇ ಹೊಗಳಿಕೋ, ಅದೇ ಆತ್ಮಹತ್ಯೆ ಎಂದನು. ಸಾಯಬೇಕಾಗಿದ್ದ ಅರ್ಜುನನು ಹೀಗೆ ಆತ್ಮಸ್ತುತಿಯಿಂದ ಬದುಕಿ ಉಳಿದನು. ಈ ಪ್ರಸಂಗ ಇಂದು ಮನಸ್ಸಿಗೆ ಬಂದಾಗ ನಾನು ಬಹಳ ಹೊತ್ತು ಕದಲದೆ ಕುಳಿತೆನು; ಏಕೆಂದರೆ ‘ಜೂಸಿ’ ಸೇರಿರುವ ಹಾಡುಗಳ ಸಂಪುಟದ ಹೆಸರೇ, ಸಾಯಲು ಸಿದ್ಧ ಎಂಬರ್ಥದ ‘ರೆಡಿ ಟು ಡೈ’. ಅದರ ಆರಂಭದಲ್ಲಿ ಶಿಶುಜನನ, ಕೊನೆಯಲ್ಲಿ ನಾಯಕನು ತನ್ನನ್ನೇ ಕೊಂದುಕೊಳ್ಳುವ ಗುಂಡಿನ ಸದ್ದು. ನಡುವೆ ಇದೊಂದು ಹಾಡಿನಲ್ಲಿ ಆ ಜೀವವು ಸಾವನ್ನು ದೂರವಿರಿಸಿ ತನ್ನನ್ನು ತಾನು ಹೊಗಳಿಕೊಂಡು ನಗುತ್ತದೆ. ಆದರೆ ಬೀದಿ ವ್ಯಾಲೇಸನನ್ನು ಬಿಡಲಿಲ್ಲ. 1997ರ ಮಾರ್ಚ್ 9ರಂದು ಲಾಸ್ ಏಂಜಲೀಸಿನಲ್ಲಿ, ಕಾರಿನೊಳಗೆ ಕುಳಿತಿದ್ದವನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ.

ರ್‍ಯಾಪು ಹುಟ್ಟಿದ ನ್ಯೂಯಾರ್ಕಿನಲ್ಲಿ, ಅದು ಹುಟ್ಟಿದ ಕಾಲದಲ್ಲಿಯೇ ಹುಡುಗರು ರೈಲುಡಬ್ಬಿಗಳ ಮೇಲೂ ಗೋಡೆಗಳ ಮೇಲೂ ಬಣ್ಣದಿಂದ ತಮ್ಮ ಹೆಸರುಗಳನ್ನು ಬರೆಯುತ್ತಿದ್ದರು. ನಗರದ ಆಡಳಿತವು ಅವನ್ನು ಉಜ್ಜಿ ಅಳಿಸುತ್ತಿತ್ತು. ಅವರು ಮತ್ತೆ ಬರೆಯುತ್ತಿದ್ದರು. ರನ್ನನ ವಿಷಯದಲ್ಲಿ ಅದೃಷ್ಟ ಒಳ್ಳೆಯದು, ಬರೆದುದು ಬಂಡೆಯ ಮೇಲಾದುದರಿಂದ ಉಳಿಯಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ‘ಶ್ರೀ ಕವಿರತ್ನ’ ಎಂದು ಕಲ್ಲಿನಲ್ಲಿ ಕೊರೆದಿದೆ. ಅದು ರನ್ನನದೇ ಹೆಸರೆಂದು ವಿದ್ವಾಂಸರು ಹೇಳುತ್ತಾರೆ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ, ಬಿರುದು ಮಾತ್ರ. ಬೆಳಗೊಳಕ್ಕೆ ಹೋಗುವವರು ದೊಡ್ಡಬೆಟ್ಟದ ಗೊಮ್ಮಟನನ್ನು ನೋಡಿ ಹಾಗೆಯೇ ಬಸ್ಸು ಹತ್ತಿಬಿಡುತ್ತಾರೆ. ಹಾಗೆ ಮಾಡಬೇಡಿರಿ, ಎದುರಿನ ಚಿಕ್ಕಬೆಟ್ಟವನ್ನೂ ಹತ್ತಿ, ಆ ಅಕ್ಷರಗಳನ್ನು ಓದಿ ಬನ್ನಿರಿ.