ಮೂರು ಸಲ ಕೂತು ಮೂರು ಸಲ ಎದ್ದು

ನಮ್ಮ ವ್ಯಾಗನ್ ಆರ್‌ಗೆ 2025ರ ಆಗಸ್ಟ್‌ಗೆ ಹದಿನೈದು ವರ್ಷ ತುಂಬಿತು. ಮನುಷ್ಯರಿಗಾದರೆ ಹದಿನೈದು ಅಂದ್ರೆ ಎಸ್ಸೆಸ್ಸೆಲ್ಸಿ ವಯಸ್ಸು, ಕಾರಿಗೆ ಮಾತ್ರ ಅದು ರಿಟೈರ್‌ಮೆಂಟು. ಆರ್.ಸಿ. ಪುಸ್ತಕದ ಅವಧಿ ಮುಗಿಯುತ್ತೆ, ಆಮೇಲೆ ಓಡಿಸಬೇಕು ಅಂದ್ರೆ ಆರ್‌ಟಿಒ ಹತ್ರ ಹೋಗಿ ಫಿಟ್‌ನೆಸ್ ತೋರಿಸಿ ಐದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಮೊದಲೆಲ್ಲಾ ಇದಕ್ಕೆ ಆರುನೂರು ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ ಅದು ಐದು ಸಾವಿರ ಆಯ್ತು. ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ.

"ಹದಿನೈದು ವರ್ಷ ಆದ್ಮೇಲೆ ಗುಜರಿಗೇ ಹಾಕ್ಬೇಕಂತೆ ಕಣೋ" ಅಂತ ಆಫೀಸಲ್ಲಿ ಇಬ್ಬರು ಮೂವರು ಹೇಳಿದ್ರು. ಹಾಗೇನಿಲ್ಲ. ಅದು ದೆಹಲಿ ಕಡೆಯ ಕಥೆ. ಅಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ಅಂತ ಕೋರ್ಟ್ ಆದೇಶ ಬಂದು ದೊಡ್ಡ ಗಲಾಟೆಯೇ ಆಯ್ತು. ನಮ್ಮಲ್ಲಿ ಗಾಡಿ ಗಟ್ಟಿ ಇದ್ರೆ ರಿನ್ಯೂ ಮಾಡಿಸಿ ಓಡಿಸಬಹುದು. ಹಾಗಾಗಿ ಪ್ರಶ್ನೆ ಕಾನೂನಿನದ್ದಾಗಿರಲಿಲ್ಲ, ನಮ್ಮ ಮನೆಯದ್ದೇ ಆಗಿತ್ತು. ಇಡೋದಾ, ಕೊಡೋದಾ?

ಇದಕ್ಕೆ ಉತ್ತರ ಹೇಳ್ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

2010. ನನ್ನ ಕನಸಿನ ತುಂಬಾ ಕೆಂಪು ಬಣ್ಣದ ಸ್ವಿಫ್ಟು. ಅದರ ದುಂಡು ಬೆನ್ನು ನೋಡ್ತಾ ಸಿಗ್ನಲ್ಲಲ್ಲಿ ಹಸಿರು ಬಿದ್ದದ್ದನ್ನೇ ಮರೆತು ಬೈಸಿಕೊಂಡವನು ನಾನು. ಆ ವರ್ಷ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿದ್ದ ನಿಯಂತ್ರಣ ತೆಗೀತು. "ಈಗ ಕಾರು ತಗೊಳ್ಳೋನು ಮುಟ್ಠಾಳ" ಅಂತ ಭಾವ ಫೋನಲ್ಲೇ ಪ್ರಮಾಣಪತ್ರ ಕೊಟ್ಟರು. ಆದ್ರೂ ತಗೊಳ್ಳಲೇಬೇಕಿತ್ತು. ಮಗಳಿಗೆ ನಾಲ್ಕು ವರ್ಷ, ಅಪ್ಪನಿಗೆ ಎರಡೂ ಮಂಡಿ ಸವೆದು ಹೋಗಿತ್ತು. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಲ್ಲಿ ಬಂದ್ರೆ ಮೆಜೆಸ್ಟಿಕ್‌ನಲ್ಲಿ ಇಳಿಯೋಕೆ ಕಂಡಕ್ಟರು, ನಾನು, ಮತ್ತೊಬ್ಬ ಪುಣ್ಯಾತ್ಮ, ಮೂರು ಜನ ಬೇಕಾಗ್ತಿತ್ತು.

ಆಷಾಢ ಮುಗೀಲಿ ಅಂತ ಅಮ್ಮ ತಡೆದಿದ್ದರಿಂದ ಶ್ರಾವಣದಲ್ಲಿ ಶೋರೂಮಿಗೆ ಹೋದ್ವಿ. ಕೋಲು ಹಿಡ್ಕೊಂಡು ಅಪ್ಪನೂ ಬಂದ್ರು. ಸೇಲ್ಸ್ ಹುಡುಗ ನನ್ನ ಹತ್ರ ಮೈಲೇಜು, ಮ್ಯೂಸಿಕ್ ಸಿಸ್ಟಮ್ಮು, ಫಾಗ್ ಲ್ಯಾಂಪು ಅಂತೆಲ್ಲ ಹೇಳ್ತಾ ಇದ್ದ. ಅಪ್ಪ ಅದ್ಯಾವುದಕ್ಕೂ ಕಿವಿ ಕೊಡದೆ ಸ್ವಿಫ್ಟಿನ ಬಾಗಿಲು ತೆಗೆದು ಕೂತ್ರು. ಕೂತದ್ದೇನೋ ಸರಿ, ಏಳೋಕೆ ಬಾಗಿಲಿನ ಅಂಚು ಹಿಡ್ಕೊಂಡು, ಒಂದು ಸಲ ಜೋಲಿ ಹೊಡೆದು, ಕೊನೆಗೆ ನನ್ನ ಕೈ ಹುಡುಕಿದ್ರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ವ್ಯಾಗನ್ ಆರ್ ಹತ್ರ ಹೋದ್ರು. ಕೂತ್ರು, ಎದ್ರು. ಮತ್ತೆ ಕೂತ್ರು, ಎದ್ರು. ಮೂರನೇ ಸಲವೂ ಅದನ್ನೇ ಮಾಡಿ, ಕೋಲು ನೆಲಕ್ಕೆ ಕುಟ್ಟಿ ಹೇಳಿದ್ರು: "ಇದು ಅಡ್ಡಿಲ್ಲ ಮಾರಾಯ. ಮಂಚದ ಮೇಲೆ ಕೂತಂಗಾತು."

ಅಷ್ಟೇ. ನನ್ನ ಸ್ವಿಫ್ಟು ಅಲ್ಲಿಗೆ ಮುಗೀತು!

ಆಗ ನನಗೆ ಸಿಟ್ಟೇ ಬಂದಿತ್ತು. ರೊಟ್ಟಿ ಡಬ್ಬಕ್ಕೆ ಚಕ್ರ ಕಟ್ಟಿದ ಹಾಗಿರೋ ಕಾರು. ಅಪ್ಪ ಹೇಳಿದ್ದರ ಅರ್ಥ ನಿಧಾನಕ್ಕೆ ತಿಳೀತು. ಕಾರಿನ ಸೀಟು ತೀರಾ ತಗ್ಗಲ್ಲಿದ್ರೆ ನಾವು ಕೂರೋದಿಲ್ಲ, ಬೀಳ್ತೀವಿ. ಏಳುವಾಗ ಸೊಂಟಕ್ಕಿಂತ ಮಂಡಿ ಮೇಲಿರುತ್ತೆ, ಇಡೀ ಮೈಭಾರವನ್ನ ಆ ಸವೆದ ಮಂಡಿಯೇ ಎತ್ತಬೇಕು. ಸೀಟು ಮಂಚದಷ್ಟು ಎತ್ತರದಲ್ಲಿದ್ರೆ ಪೃಷ್ಠ ಪಕ್ಕಕ್ಕೆ ಸರಿಸಿದ್ರೆ ಸಾಕು, ಕಾಲು ತಾನಾಗೇ ನೆಲಕ್ಕೆ ಬರುತ್ತೆ. ಛಾವಣಿ ಎತ್ತರ ಇದ್ರೆ ತಲೆ ಬಗ್ಗಿಸೋ ಕಷ್ಟವೂ ಇಲ್ಲ. ಈ ಎತ್ತರದ ಕಾರುಗಳು ನಮ್ಮಲ್ಲಿ ಶುರುವಾಗಿದ್ದೇ 1998ರ ಸ್ಯಾಂಟ್ರೋ, 1999ರ ವ್ಯಾಗನ್ ಆರ್‌ನಿಂದ. ಮೊದಮೊದಲು ಜನ ಆಡಿಕೊಂಡು ನಕ್ಕಿದ್ದರು. ಸೀರೆ ಉಟ್ಟವರು, ಪಂಚೆ ಉಟ್ಟವರು, ಮಂಡಿ ನೋವಿನವರು ಒಂದು ಸಲ ಕೂತು ನೋಡಿದ ಮೇಲೆ ನಗು ನಿಂತಿತು.

ನಾವು ತಗೊಂಡಿದ್ದು 2010ರಲ್ಲಿ ಬಂದ ಎರಡನೇ ತಲೆಮಾರಿನದ್ದು. 998 ಸಿಸಿ, ಮೂರು ಸಿಲಿಂಡರ್. ನಿಂತಲ್ಲಿ ಚಳಿ ಹಿಡಿದವರ ಹಾಗೆ ಸಣ್ಣಗೆ ನಡುಗುತ್ತೆ, ಹೊರಟ ಮೇಲೆ ಸರಿಹೋಗುತ್ತೆ. ಎಲ್ಲಾ ಸೇರಿ ನಾಲ್ಕೂವರೆ ಲಕ್ಷದ ಹತ್ರ ಬಿತ್ತು. ಎಬಿಎಸ್ ಇರೋ ಮಾಡೆಲ್ ಬೇಕಾದ್ರೆ ಇನ್ನೂ ಸ್ವಲ್ಪ ಸಾವಿರ ಹೆಚ್ಚಿಗೆ ಅಂದ ಸೇಲ್ಸ್ ಹುಡುಗ. "ಅದೆಲ್ಲಾ ಹೈವೇಲಿ ನೂರಿಪ್ಪತ್ತರಲ್ಲಿ ಹೋಗೋರಿಗೆ" ಅಂದು ನಾನು ಆ ದುಡ್ಡಲ್ಲಿ ಸೀಟ್ ಕವರ್ರು, ಒಳ್ಳೇ ಸ್ಪೀಕರ್ರು ಹಾಕಿಸಿದೆ. ಈ ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಶುರುವಾಯ್ತು ನೋಡಿ ಅದರ ಸಂಸಾರ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಆಮೇಲೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿ. ಹದಿನೈದು ವರ್ಷದಲ್ಲಿ ಈ ದಾರಿ ಎಷ್ಟು ಸಲ ಹೋಗಿದೆಯೋ ಲೆಕ್ಕ ಇಟ್ಟಿಲ್ಲ. ಓಡಿದ್ದು ಒಟ್ಟು 1,31,000 ಕಿಲೋಮೀಟರ್. ಬ್ಯಾಟರಿ ನಾಲ್ಕು, ಟೈರು ಮೂರು ಸೆಟ್ಟು, ಕ್ಲಚ್ ಒಂದು. ಇಲಿ ವೈರು ಕಡಿದದ್ದು ಎರಡು ಸಲ. ನಮ್ಮೂರ ಇಲಿಗಿಂತ ಬೆಂಗಳೂರಿನ ಇಲಿಯೇ ಜಾಸ್ತಿ ನಷ್ಟ ಮಾಡಿದ್ದು. ಪೆಟ್ರೋಲ್ ಟ್ಯಾಂಕು ಮೂವತ್ತೈದು ಲೀಟರು. ಒಂದು ಟ್ಯಾಂಕಿಗೆ ಊರು ತಲುಪಿ ಸ್ವಲ್ಪ ಮಿಗುತ್ತೆ. ಮೊದಲು ಎರಡು ಸಾವಿರಕ್ಕೆ ತುಂಬುತ್ತಿದ್ದದ್ದು, 2021ರ ಜೂನ್‌ನಲ್ಲಿ ಬೆಂಗಳೂರಲ್ಲಿ ಲೀಟರಿಗೆ ನೂರು ದಾಟಿದ ಮೇಲೆ ಮೂರೂವರೆ ಸಾವಿರ ಕೇಳೋಕೆ ಶುರುವಾಯ್ತು.

ಡಿಕ್ಕಿ ಚಿಕ್ಕದು. ಆದ್ರೆ ಹಿಂದಿನ ಸೀಟು ಮಡಚಿದ್ರೆ ಏನು ಬೇಕಾದ್ರೂ ಹಿಡಿಯುತ್ತೆ. ತೆಂಗಿನಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ, ಬಾಳೆಗೊನೆ, ಒಮ್ಮೆ ಅಮ್ಮನ ಹೊಲಿಗೆ ಮೆಷಿನ್ನು, ಮತ್ತೊಮ್ಮೆ ಆಗಷ್ಟೇ ಹಣ್ಣಾದ ಹಲಸಿನಹಣ್ಣು. ಆ ಹಲಸಿನ ವಾಸನೆ ಹೋಗೋಕೆ ಎರಡು ತಿಂಗಳು ಬೇಕಾಯ್ತು. ಮುಂದಿನ ಎಡಗಡೆ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಮೇಲೆ ಅರ್ಧಚಂದ್ರದ ಹಾಗೆ ಒಂದು ಗೀರು ಇದೆ. ಅಪ್ಪನ ಕೋಲು ಉಜ್ಜಿ ಉಜ್ಜಿ ಆದದ್ದು.

ಈಗ ಆ ರಾತ್ರಿಯ ವಿಷಯ. ಇದನ್ನ ಮನೇಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ.

2018ರ ಜುಲೈ. ನಾನು ಊರಲ್ಲಿದ್ದೆ. ರಾತ್ರಿ ಊಟಕ್ಕೆ ಕೂತ ಅಪ್ಪನ ಕೈಯಿಂದ ತುತ್ತು ಜಾರಿತು, ಬಾಯಿ ಒಂದು ಕಡೆ ಎಳೀತು, ಮಾತು ಹೊರಡಲಿಲ್ಲ. ಲಕ್ವ ಅಂತ ಗೊತ್ತಾಯ್ತು. ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬೇಕಾದ್ರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅಂತ ಪರಿಚಯದ ಡಾಕ್ಟರು ಫೋನಲ್ಲಿ ಹೇಳಿದ್ರು. ಮಣಿಪಾಲಕ್ಕೆ ಹೊರಡಿ ಅಂದ್ರು. ಅಪ್ಪನನ್ನ ಮುಂದಿನ ಸೀಟಲ್ಲಿ ಕೂರಿಸಿ, ಸೀಟನ್ನ ಹಿಂದಕ್ಕೆ ವಾಲಿಸಿ, ಬೆಲ್ಟ್ ಕಟ್ಟಿ ಹೊರಟ್ವಿ. ಎತ್ತರದ ಸೀಟು ಆ ದಿನ ದೇವರ ಹಾಗೆ ಕಂಡಿತು. ಇಬ್ಬರೇ ಎತ್ತಿ ಕೂರಿಸೋಕೆ ಆಯ್ತು. ಅಮ್ಮ ಹಿಂದೆ ಕೂತು ಅಪ್ಪನ ತಲೆ ಹಿಡ್ಕೊಂಡಿದ್ರು.

ಆಗುಂಬೆ ಮಳೆ ಅಂದ್ರೆ ನಿಮಗೆ ಹೇಳಬೇಕಾಗಿಲ್ಲ. ವೈಪರ್ ಎಷ್ಟು ಜೋರಾಗಿ ಆಡಿದ್ರೂ ಗಾಜಿನ ಮೇಲೆ ನೀರಿನ ಪರದೆ. ಘಾಟಿಯಲ್ಲಿ ಹದಿನಾಲ್ಕು ತಿರುವು. ಎರಡನೇ ಗೇರಲ್ಲೇ ಇಳೀತಿದ್ದೆ, ಆದ್ರೂ ಅವಸರ ಇತ್ತು. ಒಂದು ತಿರುವು ದಾಟಿದ ಕೂಡ್ಲೆ ರಸ್ತೆ ಮೇಲೆ ಅಡ್ಡಕ್ಕೆ ಮರದ ಕೊಂಬೆ. ಬ್ರೇಕ್ ಒತ್ತಿದೆ. ಚಕ್ರ ನಿಂತವು, ಕಾರು ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದ್ರೆ ಅದಕ್ಕೆ ಅರ್ಥವೇ ಇಲ್ಲ, ಕಾರು ನೆಟ್ಟಗೆ ತಡೆಗೋಡೆ ಕಡೆ ಜಾರುತ್ತಿದೆ. ಎಬಿಎಸ್ ಅನ್ನೋದರ ಕೆಲಸ ಇದೇ ನೋಡಿ. ಚಕ್ರ ಪೂರ್ತಿ ಕಚ್ಚಿಕೊಳ್ಳದ ಹಾಗೆ ಬಿಟ್ಟು ಬಿಟ್ಟು ಹಿಡಿಯೋದು, ಬ್ರೇಕ್ ಮೇಲೆ ಕಾಲಿದ್ದಾಗಲೂ ಸ್ಟೇರಿಂಗ್ ನಮ್ಮ ಮಾತು ಕೇಳೋ ಹಾಗೆ ಮಾಡೋದು. ಅದಕ್ಕೂ ನೂರಿಪ್ಪತ್ತರ ಸ್ಪೀಡಿಗೂ ಸಂಬಂಧವೇ ಇಲ್ಲ. ನಾನಾಗ ಇಪ್ಪತ್ತೈದರಲ್ಲೂ ಇರಲಿಲ್ಲವೇನೋ.

ಹೇಗೋ ಕಾಲು ಸಡಿಲಿಸಿ ಮತ್ತೆ ಒತ್ತಿದೆ. ಕಾರು ಗೋಡೆಯಿಂದ ಒಂದು ಗೇಣು ಹಿಂದೆ ನಿಂತಿತು. ಅಮ್ಮನಿಗೆ ಏನೂ ಗೊತ್ತಾಗಲಿಲ್ಲ, ಕಣ್ಣು ಮುಚ್ಚಿ ಏನೋ ಜಪಿಸ್ತಾ ಇದ್ರು. ಅಪ್ಪ ಮಾತ್ರ ನೋಡ್ತಿದ್ರು. ಮಾತಿರಲಿಲ್ಲ, ಆದ್ರೆ ಚೆನ್ನಾಗಿದ್ದ ಎಡಗೈಯಲ್ಲಿ ಬಾಗಿಲಿನ ಹಿಡಿ ಹಿಡ್ಕೊಂಡಿದ್ರು. ನಾನು ಇಳಿದು ಕೊಂಬೆ ಎಳೆದು ಹಾಕಿ ಮತ್ತೆ ಕೂತಾಗ ನನ್ನ ಕಾಲು ನಡುಗ್ತಿತ್ತು. ಹಾಡಿಗೆ ಅಂತ ಹಾಕಿಸಿದ್ದ ಆ ಸ್ಪೀಕರ್ ಬಾಗಿಲಲ್ಲಿ ಅಪ್ಪನ ಕಾಲ ಪಕ್ಕದಲ್ಲೇ ಇತ್ತು.

ಸಮಯಕ್ಕೆ ತಲುಪಿದ್ವಿ. ಅಪ್ಪ ಉಳಿದ್ರು. ಬಲಗೈ ಪೂರ್ತಿ ಬರಲಿಲ್ಲ, ಮಾತು ತೊದಲಾಗೇ ಉಳೀತು. ನಾಲ್ಕು ವರ್ಷ ಅದೇ ಕಾರಿನ ಅದೇ ಸೀಟಲ್ಲಿ ಕೂತು ಫಿಸಿಯೋಥೆರಪಿಗೆ ಹೋಗಿ ಬಂದ್ರು. 2022ರಲ್ಲಿ ಹೋದ್ರು. ಆ ತಿರುವಿನ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ 2025ಕ್ಕೆ ಬರೋಣ. ಅಮ್ಮನದ್ದು ಒಂದೇ ಮಾತು, "ಕಾರು ಕೊಡೂದು ಬ್ಯಾಡ." ಎಕ್ಸ್‌ಚೇಂಜಲ್ಲಿ ಕೇಳಿದ್ರೆ ಎಪ್ಪತ್ತು ಸಾವಿರ ಅಂದ್ರು. ಎಪ್ಪತ್ತು ಸಾವಿರಕ್ಕೆ ಅಪ್ಪನ ಕೋಲಿನ ಗೀರನ್ನೂ ಸೇರಿಸಿ ಕೊಡಬೇಕಲ್ಲ ಅನ್ನಿಸಿ ನಾನೂ ಇಟ್ಕೊಳ್ಳೋ ಮನಸ್ಸು ಮಾಡಿದ್ದೆ. ಕಾರು ಇನ್ನೂ ಗಟ್ಟಿಯಾಗೇ ಇದೆ. ಶೇಕಡಾ ಇಪ್ಪತ್ತು ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಮೈಲೇಜು ಸ್ವಲ್ಪ ಇಳಿದಿದೆ, ಮೆಕ್ಯಾನಿಕ್ಕು ಹಳೇ ರಬ್ಬರ್ ಪೈಪುಗಳನ್ನ ಬದಲಾಯಿಸಿಕೊಟ್ಟ, ಅಷ್ಟೇ.

ಮಗಳು ಲೈಸೆನ್ಸ್ ತಗೊಂಡಿದ್ದಾಳೆ. ಕಲಿತದ್ದೂ ಇದರಲ್ಲೇ. ಒಂದು ದಿನ ಕೇಳಿದ್ಲು: "ಅಪ್ಪಾ, ಇದರಲ್ಲಿ ನಾನೊಬ್ಬಳೇ ಊರಿಗೆ ಹೋಗ್ಲಾ?"

"ಬೇಡ" ಅಂದೆ, ಯೋಚನೆ ಮಾಡೋಕೂ ಮುಂಚೆ.

"ಯಾಕೆ? ಚೆನ್ನಾಗಿದೆ ಅಂತೀಯಲ್ಲ?"

ಆಗ ಆ ತಿರುವಿನ ಕಥೆ ಪೂರ್ತಿ ಹೇಳಿದೆ, ಸ್ಪೀಕರ್ ಸಮೇತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು, "ನನಗೆ ಬೇಡ ಅನ್ನೋ ಕಾರಲ್ಲಿ ನೀನು ಯಾಕೆ ಹೋಗ್ತೀಯ?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಸರ್ಕಾರವೇ 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಮಾಡಿದೆ. ಡ್ರೈವರ್ ಪಕ್ಕದವರಿಗೂ ಏರ್‌ಬ್ಯಾಗ್ ಇರಲೇಬೇಕು ಅಂತ ಆಮೇಲೆ ಬಂತು. 2023ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಅಂತ ಕಾರನ್ನ ಡಿಕ್ಕಿ ಹೊಡೆಸಿ ನೋಡಿ ಸ್ಟಾರ್ ಕೊಡ್ತಾರೆ. 2010ರಲ್ಲಿ ನಾನು "ಹೈವೇಯವರಿಗೆ" ಅಂತ ತಳ್ಳಿಹಾಕಿದ್ದನ್ನ ಈಗ ಬೇಡ ಅಂದ್ರೂ ಕೊಡ್ತಾರೆ.

ಕೊನೆಗೆ ಹೀಗೆ ಮಾಡಿದ್ವಿ. ಆರ್.ಸಿ. ಐದು ವರ್ಷಕ್ಕೆ ರಿನ್ಯೂ ಆಯ್ತು. ಕಾರು ಈಗ ಊರಲ್ಲಿದೆ. ಪಕ್ಕದ ಮನೆ ಹುಡುಗ ಅಮ್ಮನನ್ನ ಪೇಟೆಗೆ, ದೇವಸ್ಥಾನಕ್ಕೆ, ಡಾಕ್ಟರ ಹತ್ರ ಮೂವತ್ತರ ಸ್ಪೀಡಲ್ಲಿ ಕರ್ಕೊಂಡು ಹೋಗ್ತಾನೆ. ಘಾಟಿ ಇಳಿಸಕೂಡದು ಅಂತ ಕರಾರು. ಬೆಂಗಳೂರಿಗೆ, ದೂರದ ದಾರಿಗೆ ಹೊಸದೊಂದು. ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದದ್ದರಿಂದ ಸ್ವಲ್ಪ ಧೈರ್ಯ ಬಂತು.

ದೀಪಾವಳಿಗೆ ಮುಂಚೆ ಅಮ್ಮ ಬೆಂಗಳೂರಿಗೆ ಬಂದಾಗ ಶೋರೂಮಿಗೆ ಕರ್ಕೊಂಡು ಹೋದ್ವಿ. ಮಗಳು ಮೊಬೈಲಲ್ಲಿ ಸ್ಟಾರ್ ಲೆಕ್ಕ ಹಾಕ್ತಿದ್ಲು. ನಾನು ಎಬಿಎಸ್ ಬಗ್ಗೆ ಕೇಳಿದ್ರೆ ಸೇಲ್ಸ್ ಹುಡುಗನಿಗೆ ನಗು, "ಅದು ಎಲ್ಲದ್ರಲ್ಲೂ ಬರುತ್ತೆ ಸಾರ್." ಅಮ್ಮ ಯಾರ ಹತ್ರವೂ ಏನೂ ಕೇಳದೆ ಒಂದು ಕಾರಿನ ಬಾಗಿಲು ತೆಗೆದು ಕೂತ್ರು. ಎದ್ರು. ಮತ್ತೆ ಕೂತ್ರು, ಎದ್ರು. ಮೂರನೇ ಸಲ ಕೂತವರು ಏಳಲೇ ಇಲ್ಲ. ಏನಾಯ್ತು ಅಂತ ಬಗ್ಗಿ ನೋಡಿದೆ. ಬಾಗಿಲಿನ ಪಕ್ಕದ ಜಾಗವನ್ನ ಕೈಯಲ್ಲಿ ಅಳೀತಿದ್ರು.

"ಸೀಟೇನೋ ಅಡ್ಡಿಲ್ಲ" ಅಂದ್ರು. "ಕೋಲಿಡೂಕೆ ಜಾಗ ಸಾಲ್ತದನಾ ನೋಡ್ತಿದ್ದೆ. ಇನ್ನೊಂದೆರಡು ವರ್ಷಕ್ಕೆ ನಂಗೂ ಬೇಕಲ."

ಇನ್ನೂ ಬುಕ್ ಮಾಡಿಲ್ಲ. ಮುಂದಿನ ಸಲ ಶೋರೂಮಿಗೆ ಹೋಗುವಾಗ ಅಪ್ಪನ ಕೋಲನ್ನೂ ತಗೊಂಡು ಹೋಗೋದು ಅಂತ ತೀರ್ಮಾನ ಆಗಿದೆ.